ಮೇಲಿನ ಮನೆಯ ಬೆಲೆ

ಹೆಣದ ಅಂಗಿಗೆ ಕೊನೆಯ ಗುಂಡಿ ಹಾಕುತ್ತಿದ್ದ ಪುಟ್ಟಿ, ಬಾಗಿಲಲ್ಲಿ ಹೊಸ ದನಿ ಕೇಳಿ ತಲೆಯೆತ್ತಿದಳು. ವಯಸ್ಸು ಐವತ್ತು ದಾಟಿದರೂ, ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತು ಜನರ ಮೇಲೆ ದರ್ಬಾರು ಮಾಡಿದರೂ, ಅಣ್ಣನ ಬಾಯಲ್ಲಿ ಅವಳು ಪುಟ್ಟಿಯೇ. ಆ ಅಣ್ಣ ಈಗ ಬಾಯಿ ಮುಚ್ಚಿ ಮಲಗಿದ್ದ. ಸಾಲ ಕೊಡುವ ಬ್ಯಾಂಕಿನ ಪರವಾಗಿ ಮನೆಗಳನ್ನು ಅಳೆದು ಬೆಲೆ ಕಟ್ಟುವುದೇ ಅವನ ಜೀವಮಾನದ ಕೆಲಸವಾಗಿತ್ತು.

ಬಂದವರು ಕನ್ನಡಕದಂಗಡಿಯವರು. ಹೂವಿಟ್ಟು, ಅವಳನ್ನು ಪಕ್ಕಕ್ಕೆ ಕರೆದರು.

"ಈಗ ಕೇಳೋ ಮಾತಲ್ಲ, ತಪ್ಪು ತಿಳೀಬೇಡಿ. ಮನೆ ಯಾವಾಗ ಬಿಟ್ಕೊಡ್ತೀರಿ?"

"ಯಾವ ಮನೆ?"

"ಇದೇ. ನಿಮ್ಮಣ್ಣ ನನಗೆ ಮಾರಿ ಆರು ವರ್ಷ ಆಯ್ತಲ್ಲಮ್ಮ. ಬಾಡಿಗೆಗಿದ್ರು."

ಪುಟ್ಟಿ ಅಣ್ಣ ಮಲಗಿದ್ದ ಕಡೆ ತಿರುಗಿ ನೋಡಿದಳು.

"ಅಷ್ಟೊಂದು ರೇಟಾ ಅಂತ ನಾನೂ ಹಿಂದೆಮುಂದೆ ನೋಡಿದ್ದೆ. ಮೇಲಿನ ಮನೆ ಹೋದ ತಿಂಗಳು ಇದೇ ಬೆಲೆಗೆ ಹೋಯ್ತು ಅಂತ ಪತ್ರಾನೇ ತೋರಿಸಿದ್ರು. ಅದನ್ನ ನಂಬಿ ಸಾಲ ಮಾಡಿದೆ. ಈಗ ಅರ್ಧಕ್ಕೂ ಕೇಳೋರಿಲ್ಲ, ಬ್ಯಾಂಕಿನವರು ಬೆನ್ನು ಬಿಡ್ತಿಲ್ಲ."

ಮೇಲಿನ ಮನೆ ಕೊಂಡವಳು ಪುಟ್ಟಿ.

*

"ಕಣ್ಣು ಮುಚ್ಕೊಂಡು ತಗೋ," ಅಂದಿದ್ದ ಅಣ್ಣ ಆರು ವರ್ಷದ ಹಿಂದೆ, ಮೇಲಿನ ಮನೆಯ ಖಾಲಿ ಗೋಡೆಗೆ ಟೇಪು ಹಿಡಿದು.

"ನನ್ನ ಸಂಬಳಕ್ಕೆ ಇಷ್ಟು ಸಾಲ ಯಾರು ಕೊಡ್ತಾರೋ?"

"ಬೆಲೆ ಬರೆಯೋನು ನಾನೇ ಅಲ್ವೇನೆ? ಮುಂದಿನ ವರ್ಷ ಇನ್ನೂ ಏರುತ್ತೆ. ಕೆಳಗಡೆ ನಾನಿರ್ತೀನಲ್ಲ, ಹೆದರ್ತೀಯಾಕೆ?"

ನಗುತ್ತಲೇ ಸಹಿ ಹಾಕಿದ್ದಳು. ಎರಡೇ ವರ್ಷದಲ್ಲಿ ಊರಿನ ಮನೆಗಳ ಬೆಲೆಯೆಲ್ಲ ದಬಕ್ಕನೆ ಬಿತ್ತು. ಕಂತು ಏರಿತು, ಸಂಬಳ ಇಳಿಯಿತು, ಬ್ಯಾಂಕು ಬೀಗ ಜಡಿಯಿತು. ಅಣ್ಣನೇ ಅವಳ ಟ್ರಂಕು ಹೊತ್ತು ಕೆಳಗೆ ತಂದ. "ನನ್ನ ಮನೆ ಅಂದ್ರೆ ನಿನ್ನ ಮನೆ," ಅಂದ. ಆ ಋಣಕ್ಕೆ ನಾಲ್ಕು ವರ್ಷ ಅವನ ಬಟ್ಟೆ ಒಗೆದಳು. ಹಾಸಿಗೆ ಹಿಡಿದಾಗ ಮೈ ಒರೆಸಿದಳು.

*

ಅತ್ತಿಗೆ ಅಡುಗೆಮನೆಯಲ್ಲಿ ಲೋಟ ತೊಳೆಯುತ್ತಿದ್ದಳು.

"ನಿಮಗೆ ಗೊತ್ತಿತ್ತಾ ಅತ್ತಿಗೆ?"

ಅತ್ತಿಗೆ ತಿರುಗಲಿಲ್ಲ. "ಅವರಿಗೂ ಕುತ್ತಿಗೆವರೆಗೆ ಸಾಲ ಇತ್ತು ಕಣೆ. ಬೆಲೆ ಬೀಳುತ್ತೆ ಅಂತ ಮೊದಲೇ ವಾಸನೆ ಹತ್ತಿತ್ತು. ಮಾರಿ ಕೈ ತೊಳ್ಕೊಂಡ್ರು. ನಿನಗೆ ಹೇಳ್ತೀನಿ, ಹೇಳ್ತೀನಿ ಅಂತಾನೇ ಇದ್ರು."

"ಮೈ ಒರೆಸುವಾಗ ದಿನಾ ಒಂದು ಗಂಟೆ ನಾನೊಬ್ಬಳೇ ಅವನ ಹತ್ರ ಇರ್ತಿದ್ದೆ, ಅತ್ತಿಗೆ."

ನಲ್ಲಿ ಸುರಿಯುತ್ತಲೇ ಇತ್ತು.

ಹೆಣವನ್ನು ವ್ಯಾನಿಗೆ ಏರಿಸಿದರು. ಎದುರುಮನೆಯ ಮೇಷ್ಟ್ರು ಕೂಗಿದರು: "ಪುಟ್ಟಿ, ಬಾರಮ್ಮ. ಒಡಹುಟ್ಟಿದವಳು, ಮುಂದೆ ನೀನೇ ಕೂತ್ಕೋ."

ಪುಟ್ಟಿ ಮೆಟ್ಟಿಲಿಳಿದು ಬಂದಳು. ಡ್ರೈವರನ ಪಕ್ಕದ ಬಾಗಿಲನ್ನು ಹೊರಗಿನಿಂದ ಮುಚ್ಚಿ, ಎರಡು ಹೆಜ್ಜೆ ಹಿಂದೆ ಸರಿದಳು. ಡ್ರೈವರು ಅವಳನ್ನೂ ಮೇಷ್ಟ್ರನ್ನೂ ನೋಡಿದ, ಇಂಜಿನ್ ಚಾಲೂ ಮಾಡಿ ಇನ್ನೂ ಸ್ವಲ್ಪ ಕಾದ. ಆಮೇಲೆ ವ್ಯಾನು ಹೊರಟಿತು. ಮುಂದಿನ ಸೀಟು ಖಾಲಿಯಾಗಿಯೇ ಬೀದಿಯ ತಿರುವು ದಾಟಿತು.