ಗಾಳದ ಹಕ್ಕು

ಎರ್ರಪ್ಪ ಗಾಳ ಹಾಕುವುದನ್ನು ಕಲಿಯಲು ಕೂತಾಗ ಅವನ ಮೀಸೆಯಲ್ಲಿ ಆಗಲೇ ಬಿಳಿ ಕೂದಲಿತ್ತು. ಬೇರೆಯವರು ಚಡ್ಡಿ ಹಾಕದ ವಯಸ್ಸಿನಲ್ಲಿ ಕಲಿಯುವ ವಿದ್ಯೆ ಅದು. ಅವನಿಗೆ ಸಿಕ್ಕಿದ್ದು ಬರುವ ಸೋಮವಾರ ಹೊತ್ತು ಮುಳುಗುವವರೆಗಿನ ಗಡುವು. ಅಷ್ಟರಲ್ಲಿ ಅವನ ಕೈಗೆ ಒಂದು ಕೊರಮೀನು ಬೀಳದಿದ್ದರೆ ಇಡೀ ಕೇರಿಯ ಬಾಯಿಗೆ ಮಣ್ಣು.

ಅವರ ಊರು ಗುಮ್ಮಘಟ್ಟದಿಂದ ಹಗರಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿತ್ತು. ಊರ ಕೆರೆಯ ತೂಬು ಎತ್ತಿ, ಮುಚ್ಚಿ, ಗದ್ದೆಗಳಿಗೆ ನೀರು ಹಂಚುವ ನೀರಗಂಟಿ ಕೆಲಸ ಎರ್ರಪ್ಪನ ಮನೆತನದ್ದು. ತೂಬಿನ ಬಾಯಿಯ ಹೂಳು ಎತ್ತುವುದು, ಏರಿ ಕುಸಿದಲ್ಲಿ ಮಣ್ಣು ಹೊರುವುದು ಅವರ ಕೇರಿಯವರದ್ದು. ಕೂಲಿ ಇಲ್ಲ. ಮದರಾಸಿನ ಸರ್ಕಾರ ಅದನ್ನು ಕುಡಿಮರಾಮತ್ತು ಎಂದು ಕರೆಯುತ್ತಿತ್ತು, ಕೇರಿಯವರು ಬಿಟ್ಟಿ ಎನ್ನುತ್ತಿದ್ದರು. ಸೊಂಟದವರೆಗೆ ಕೆಸರಲ್ಲಿ ನಿಂತು ಊರಿನವರ ಭತ್ತಕ್ಕೆ ನೀರು ಬಿಡಿಸಿದವರಿಗೆ ಪ್ರತಿಯಾಗಿ ಇದ್ದದ್ದು ಒಂದೇ ವಾಡಿಕೆ: ಬಲೆ ಬೀಸುವಂತಿಲ್ಲ, ಗಾಳ ಹಾಕಿ ಸಿಕ್ಕ ಮೀನನ್ನು ಮನೆಗೆ ಒಯ್ಯಬಹುದು. ಅದರ ಮೇಲೂ ಈಗ ಕಣ್ಣು ಬಿದ್ದಿತ್ತು.

ಆ ವರ್ಷ ಕೆರೆಯ ಮೀನನ್ನು ಹರಾಜಿನಲ್ಲಿ ಹಿಡಿದವನು ರಾಯದುರ್ಗದ ತಿಪ್ಪೇರುದ್ರಪ್ಪ. ಸ್ವಂತ ಮನೆಯ ಒಲೆಯ ಮೇಲೆ ಮೀನು ಬೇಯದ ಮನುಷ್ಯ, ಮೀನಿನ ಬುಟ್ಟಿ ಎದುರಾದರೆ ಮೂಗಿಗೆ ಶಲ್ಯ ಒತ್ತಿಕೊಳ್ಳುವ ಮನುಷ್ಯ, ಅವನೇ ಗುತ್ತಿಗೆದಾರ. "ಈ ಕೇರಿಯಲ್ಲಿ ಗಾಳ ಹಾಕಬಲ್ಲವನು ಒಬ್ಬನೂ ಉಳಿದಿಲ್ಲ. ಗಾಳದ ಹೆಸರು ಹೇಳಿ ಬಲೆ ಬೀಸುತ್ತಾರೆ. ವಾಡಿಕೆ ಸತ್ತಿದೆ, ಹಕ್ಕನ್ನೂ ತೆಗೆದುಹಾಕಿ" ಎಂದು ಅರ್ಜಿ ಹಾಕಿದ. ವಿಚಾರಣೆಗೆ ಬಂದ ರೆವಿನ್ಯೂ ಇನ್‌ಸ್ಪೆಕ್ಟರು ಹುಣಸೆ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂತರು.

ಬಲೆಯ ಮಾತು ಶುದ್ಧ ಸುಳ್ಳು. ಗಾಳದ ಮಾತಿನಲ್ಲಿ ಮಾತ್ರ ಒಂದಿಷ್ಟು ನಿಜವಿತ್ತು, ಅದೇ ಹೊಟ್ಟೆ ಉರಿಸುವ ಸಂಗತಿ. ಎರ್ರಪ್ಪನ ಅಪ್ಪ ತೀರಿಕೊಂಡ ಮೇಲೆ ಗಾಳದ ಬಿದಿರು ಅಟ್ಟ ಸೇರಿತ್ತು. ಎರ್ರಪ್ಪ ಊರ ರೆಡ್ಡಿಯ ತೋಟದಲ್ಲಿ ಕಪಿಲೆ ಹೊಡೆಯಲು ಹೋಗಿಬಿಟ್ಟಿದ್ದ. ದಿನವಿಡೀ ಎತ್ತುಗಳ ಜೊತೆ ಇಳಿಜಾರಿನಲ್ಲಿ ಹಿಂದಕ್ಕೆ ಮುಂದಕ್ಕೆ ನಡೆದು ಬಾವಿಯ ನೀರೆತ್ತುವವನಿಗೆ ಕೆರೆಯ ಪಕ್ಕ ಕೂರಲು ಹೊತ್ತೆಲ್ಲಿ?

"ಸರೆ," ಎಂದರು ತೆಲುಗು ಬೆರೆಸಿ ಮಾತಾಡುವ ಇನ್‌ಸ್ಪೆಕ್ಟರು. "ಹಕ್ಕು ಇರೋದು ನೀರಗಂಟಿ ಮನೆ ಹೆಸರಲ್ಲಿ. ಆ ಮನೆಯವನೇ ಬರೋ ಸೋಮವಾರ ನನ್ನ ಕಣ್ಣೆದುರಿಗೆ ಗಾಳದಲ್ಲಿ ಮೀನು ಹಿಡೀಲಿ. ಹಿಡಿದರೆ ವಾಡಿಕೆ ಬದುಕಿದೆ ಅಂತ ಅರ್ಥ."

"ಕೊರಮೀನೇ ಹಿಡೀಬೇಕು ದೊರಿ," ಎಂದ ತಿಪ್ಪೇರುದ್ರಪ್ಪ ಥಟ್ಟನೆ. "ಎರಿಹುಳ ಹಾಕಿದ್ರ ಸಣ್ಣ ಮೀನು ಯಾರಿಗಾದ್ರೂ ಸಿಗತಾವು."

ಗುಂಪಿನ ಹಿಂದಿನಿಂದ ಒಬ್ಬ ಮುದುಕಿ ಎದ್ದು ನಿಂತಳು. ಎರ್ರಪ್ಪನ ಸೋದರತ್ತೆ ಈರಕ್ಕ. ಅಣ್ಣನ ಜೊತೆಯಲ್ಲೇ ಗಾಳ ಹಿಡಿದು ಬೆಳೆದವಳು. "ಸೋಮವಾರ ಯಾಕ್ರಿ? ಈಗ ಕೊಡ್ರಿ ಗಾಳದ ಗಳ. ನೀವು ಕುರ್ಚಿಯಿಂದ ಏಳೂದ್ರಾಗ ಹಿಡಿದು ಕೊಡ್ತೀನಿ."

ಊರ ಲೆಕ್ಕ ಬರೆಯುವ ಕರಣಂ ನಕ್ಕು ಇನ್‌ಸ್ಪೆಕ್ಟರಿಗೆ ವಿವರಿಸಿದ. ಆಕೆ ಓಬಳಾಪುರಕ್ಕೆ ಕೊಟ್ಟ ಹೆಣ್ಣು, ಗಂಡ ಸತ್ತ ಮೇಲೆ ತವರಿಗೆ ಬಂದವಳು. ನೀರಗಂಟಿ ಮನೆಯ ಹಕ್ಕಿಗೆ ಆಕೆ ಬರುವುದಿಲ್ಲ. ಪ್ರತಿ ಬೇಸಿಗೆ ಹೂಳೆತ್ತುವ ಹೊತ್ತಿಗೆ ಈರಕ್ಕ ಎಲ್ಲಿ ಎಂದು ಹೆಸರು ಹಿಡಿದು ಕೂಗುತ್ತಿದ್ದವನು ಇದೇ ಕರಣಂ! ಬುಟ್ಟಿ ಹೊರುವಾಗ ಆ ಮನೆಯವಳು, ಮೀನು ಹಿಡಿಯುವಾಗ ಪರರ ಮನೆಯವಳು. ಎಲ್ಲರ ಕಣ್ಣೂ ಎರ್ರಪ್ಪನ ಮೇಲೆ ಬಿತ್ತು.

ಅಟ್ಟದಿಂದ ಬಿದಿರು ಇಳಿಯಿತು. ಈರಕ್ಕ ಗಟ್ಟಿ ಬರಲೆಂದು ತಂಗಡಿ ಗಿಡದ ತೊಗಟೆಯ ರಸದಲ್ಲಿ ನೆನೆಸಿದ ಹೊಸ ಹುರಿ ಕಟ್ಟಿದಳು. ಮರುದಿನ ನಸುಕಿನಲ್ಲೇ ಅತ್ತೆ-ಅಳಿಯ ಕೆರೆಗೆ ಇಳಿದರು. ಎರ್ರಪ್ಪ ನಡುಕೆರೆಯ ತಿಳಿನೀರಿಗೆ ಗುರಿಯಿಟ್ಟು ಗಾಳ ಬೀಸಿದ.

"ಅಲ್ಲಿ ಯಾರನ್ನ ಹುಡುಕಾಕ ಹತ್ತೀಯೋ?"

"ಮೀನು, ಅತ್ತಿ."

"ಕೊರಮೀನು ಕಳ್ಳನಂಥಾದ್ದು. ಬಯಲಾಗ ಯಾಕ ನಿಂದರತೈತಿ? ಹುಲ್ಲಿನ ಮರ್ಯಾಗ, ಕಲ್ಲಿನ ಸಂದಿಗೆ ಕುಂತು ದಾರಿ ಕಾಯತೈತಿ. ನೀರಿನ ಮ್ಯಾಲ ನೋಡು. ಉಸಿರಿಗೆ ಮ್ಯಾಲ ಬಂದು ಗುಳುಂ ಅಂದು ಹೋಗತೈತಲ್ಲ, ಅದು ಅದರ ಮನಿ. ಆ ಮನಿ ಬಾಗಿಲಿಗೆ ಕಪ್ಪಿ ಬಿಡು, ಊರಿಗೆಲ್ಲ ಬೀಸಬ್ಯಾಡ."

ಕಪ್ಪೆಯ ಬೆನ್ನ ತೊಗಲಿಗೆ ಮಾತ್ರ ಗಾಳ ಚುಚ್ಚಬೇಕು, ಅದು ಈಜುತ್ತಿರಬೇಕು. ಬಿಸಿಲು ಬೆನ್ನ ಹಿಂದಿದ್ದರೆ ನೆರಳು ನೀರಿಗೆ ಬೀಳುತ್ತದೆ, ಹಾಗೆ ನಿಲ್ಲಬಾರದು. ಒಮ್ಮೆ ಬೆದರಿಸಿದ ಜಾಗದಲ್ಲಿ ಮತ್ತೆ ಗಾಳ ಬಿಡಬಾರದು. ಎರ್ರಪ್ಪ ಎಲ್ಲದಕ್ಕೂ ಹೂಂ ಎಂದ. ಆದರೆ ತುಸು ಹೊತ್ತಿಗೆ ಅವನ ಕಾಲು ಅವನ ಮಾತು ಕೇಳಲಿಲ್ಲ. ವರ್ಷಗಟ್ಟಲೆ ಕಪಿಲೆಯ ಇಳಿಜಾರು ತುಳಿದ ಕಾಲು. ಅವನಿಗೇ ಗೊತ್ತಿಲ್ಲದಂತೆ ದಂಡೆಯ ಮೇಲೆ ನಾಲ್ಕು ಹೆಜ್ಜೆ ಹಿಂದಕ್ಕೆ, ನಾಲ್ಕು ಹೆಜ್ಜೆ ಮುಂದಕ್ಕೆ ಹೋಗತೊಡಗಿತು. ಜೊತೆಗೆ ಗಂಟಲೊಳಗೆ ಎತ್ತು ಹೊಡೆಯುವ ರಾಗ.

"ಎಲ್ಲಿಗೆ ಹೊಂಟೀ?"

"ಎಲ್ಲಿಗೂ ಇಲ್ಲ, ಇಲ್ಲೇ ಅದೀನಲ್ಲ."

"ನೀ ಇಲ್ಲೇ ಅದೀ, ನಿನ್ನ ಕಾಲು ರೆಡ್ಡಿ ತೋಟಕ್ಕ ಹೋಗಿ ಬರಾಕ ಹತ್ಯಾವು! ಆ ಸಪ್ಪಳ ನೆಲದಾಗ ಇಳಿದು ನೀರಿಗೆ ಮುಟ್ಟತೈತಿ. ಕುಂದರು. ಹಾಡು ನಿಲ್ಲಿಸು, ಮೀನಿಗೇನು ಜೋಗುಳ ಹಾಡ್ತೀಯೇನು?"

ಕೂತ. ಕೂತ ಮೇಲೆ ಹುಲ್ಲಿನ ಬುಡದಲ್ಲಿ ನೀರು ಒಡೆದು ಕಪ್ಪೆ ಮಾಯವಾಯಿತು. ಹುರಿ ಬಿಗಿಯಿತು. ಬಿಗಿದದ್ದೇ ತಡ, ಎರ್ರಪ್ಪ ಎದ್ದು ಗಳ ಹೆಗಲಿಗೇರಿಸಿ ಏರಿಯ ಮೇಲಕ್ಕೆ ಎತ್ತಿನಂತೆ ಓಡಿದ. ಅವನ ಹಿಂದೆ ಹಾರಿ ಬಂದದ್ದು ಅರ್ಧ ಕಪ್ಪೆ.

ಮರುದಿನವೂ ಹಾಗೇ. ಅದರ ಮರುದಿನವೂ. ಕೇರಿಯವರು ಮೊದಲು ನಕ್ಕರು, ಆಮೇಲೆ ನಗುವುದನ್ನು ಬಿಟ್ಟರು. ಎರ್ರಪ್ಪನನ್ನು ನಗುವಿಗಿಂತ ಅದೇ ಹೆಚ್ಚು ಸುಟ್ಟಿತು. ಹೆಂಡತಿ ಪಾಲಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲೇ ಆರಿಹೋಗುತ್ತಿತ್ತು.

"ನನ್ನಿಂದ ಆಗಂಗಿಲ್ಲ ಅತ್ತಿ," ಎಂದ ಶನಿವಾರ, ಗಳವನ್ನು ನೆಲಕ್ಕೆ ಒಗೆದು. "ಎಲ್ಲಾರ ಹಕ್ಕೂ ನನ್ನ ಕೈಯಾಗೇ ಸಾಯತೈತಿ."

ಈರಕ್ಕ ಬಯ್ಯಲಿಲ್ಲ. ಎಲೆ ಅಡಿಕೆಯ ಚೀಲ ಬಿಚ್ಚಿ ಅವನ ಪಕ್ಕದಲ್ಲಿ ಕೂತಳು. "ಬಾವ್ಯಾಗ ಕಪಿಲಿ ತೊಗಲಿನ ಬಾನಿ ಇಳೀತೈತಲ್ಲ, ನೀರಿಗೆ ತಾಗಿದ ಕೂಡ್ಲೆ ಎತ್ತು ಹೊಡೀತೀಯೇನು?"

"ಇಲ್ಲ. ಹಗ್ಗ ಸಡ್ಲ ಬಿಡ್ತೀನಿ. ಮುಳುಗಿ ತುಂಬಬೇಕಲ್ಲ."

"ಅವಸರ ಮಾಡಿದ್ರ?"

"ಬರೇ ಬಾನಿ ಮ್ಯಾಲ ಬರತೈತಿ."

"ಮತ್ತ? ಕೊರಮೀನು ಮೊದ್ಲು ಬರೇ ಕಚ್ಚಿ ಹಿಡೀತೈತಿ, ನುಂಗಿರಂಗಿಲ್ಲ. ತನ್ನ ಸಂದಿಗೆ ಒಯ್ದು, ಕಪ್ಪಿ ತಿರುವಿ, ಆಮ್ಯಾಲ ನುಂಗತೈತಿ. ಹುರಿ ಬಿಗೀತಿದ್ದಂಗ ಗಳ ಬಗ್ಗಿಸು, ಸಡ್ಲ ಕೊಡು, ಹೋಗಲಿ. ಈ ಎಲಿ ಬಾಯಾಗ ಹಾಕ್ಕೋ. ಅದು ಹಿಡಿದಾಗ ಕಚ್ಚು. ಮೊದ್ಲನೇ ರಸ ನುಂಗಿದ ಮ್ಯಾಲ ಎಳಿ. ಮ್ಯಾಲಕ್ಕಲ್ಲ, ಮಗ್ಗಲಿಗೆ."

ಎರ್ರಪ್ಪ ಅತ್ತೆಯ ಮುಖ ನೋಡಿದ. ಇಷ್ಟು ದಿನ ಕೇಳಿದ ಮಾತುಗಳೆಲ್ಲ ಕಿವಿಯಲ್ಲಿ ಉಳಿದಿದ್ದವು. ಇದೊಂದು ಕೈಗೆ ಇಳಿದಂತಾಯಿತು. ಆದರೆ ಭಾನುವಾರ ಒಂದು ಮೀನೂ ಮುಟ್ಟಲಿಲ್ಲ, ಹಾಗಾಗಿ ಕೈ ನಿಜವಾಗಿ ಕಲಿತಿದೆಯೋ ಇಲ್ಲವೋ ಎಂದು ಅವನಿಗೇ ತಿಳಿಯಲಿಲ್ಲ.

ಸೋಮವಾರ ಹೊತ್ತು ಇಳಿಯುವಾಗ ಇನ್‌ಸ್ಪೆಕ್ಟರು ಬಂದರು. ಜೊತೆಗೆ ಅವರ ಜವಾನ ಪಾಪಣ್ಣ, ಮಡಕಶಿರದ ಕಡೆಯವನು. ತಿಪ್ಪೇರುದ್ರಪ್ಪ ಶಲ್ಯ ಹೊದ್ದು ಕುರ್ಚಿಯ ಬಲಕ್ಕೆ ನಿಂತ. ಏರಿಯುದ್ದಕ್ಕೂ ಕೇರಿ ನಿಂತಿತ್ತು.

ಎರ್ರಪ್ಪ ತೂಬಿನ ಪಕ್ಕದಿಂದ ಶುರು ಮಾಡಿದ. ಅಲ್ಲಿ ಏನೂ ಇಲ್ಲ. ತುಸು ಮುಂದೆ ಹೋಗುವಷ್ಟರಲ್ಲಿ ನೀರಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕೆಂಪಗೆ ಏನೋ ಮಿಸುಕಿತು. ನೂರಾರು ಮರಿಗಳ ದಂಡು. ಅವುಗಳ ಕೆಳಗೆ ಒಂದು ಕಪ್ಪು ಬೆನ್ನು ನಿಧಾನ ಸುತ್ತು ಹಾಕುತ್ತಿತ್ತು.

ಎರ್ರಪ್ಪ ನಿಂತ. ಮರಿ ಕಾಯುವ ಮೀನು ಎದುರಿಗೆ ಬಂದದ್ದನ್ನೆಲ್ಲ ಕಚ್ಚುತ್ತದೆ. ಸಡಿಲ ಬಿಡುವುದೂ ಬೇಡ, ರಸ ನುಂಗುವುದೂ ಬೇಡ. ಅವನಂಥ ಒರಟು ಕೈಗೂ ಅದು ಸಿಕ್ಕೇ ಸಿಗುತ್ತದೆ. ಕಪ್ಪೆ ಇಳಿಬಿಟ್ಟರೆ ಮುಗಿಯಿತು, ಕೇರಿ ಉಳಿಯಿತು. ಅತ್ತೆಯ ಕಡೆ ನೋಡಿದ. ಆಕೆ ಬೇರೆ ಕಡೆ ಮುಖ ತಿರುಗಿಸಿಕೊಂಡಿದ್ದಳು.

ಎರ್ರಪ್ಪ ಗಳ ಎತ್ತಿಕೊಂಡು ಮುಂದೆ ನಡೆದ.

"ನೋಡ್ರಿ, ನೋಡ್ರಿ!" ತಿಪ್ಪೇರುದ್ರಪ್ಪ ಕೂಗಿದ. "ಮೂಗಿನ ಮುಂದ ಐತಿ ಮೀನು! ಗುರುತು ಸೈತ ಗೊತ್ತಿಲ್ಲ ಇವನಿಗೆ!"

"ಏಮಯ್ಯಾ, ಯಾಕೆ ಬಿಟ್ಟೆ?" ಎಂದರು ಇನ್‌ಸ್ಪೆಕ್ಟರು.

"ಮರಿ ಅದಾವ್ರಿ," ಎಂದ ಎರ್ರಪ್ಪ ತಿರುಗಿ ನೋಡದೆ. "ಮರಿ ಇದ್ದ ಮೀನು ಗಾಳದೋರು ಮುಟ್ಟಂಗಿಲ್ರಿ. ಬಲಿ ಬೀಸೋರಿಗೆ ಆ ಕಟ್ಟು ಇಲ್ರಿ."

ಪಾಪಣ್ಣ ಬಗ್ಗಿ ಸಾಹೇಬರಿಗೆ ಹೇಳಿದ: "ದಿಟ ಸ್ವಾಮಿ. ತಾಯಿ ಹೋದ್ರೆ ಮರಿನೆಲ್ಲ ಬೇರೆ ಮೀನು ತಿಂದಾಕ್ತವೆ. ನಮ್ ಕಡೇನೂ ಹಿಡಿಯಾಕಿಲ್ಲ."

ಇನ್‌ಸ್ಪೆಕ್ಟರು ತಿಪ್ಪೇರುದ್ರಪ್ಪನ ಕಡೆ ತಿರುಗಿದರು. "ಸತ್ತಿದೆ ಅಂದಿರಲ್ಲ ವಾಡಿಕೆ?"

"ಅದೆಲ್ಲ ಬಾಯಿಮಾತು ದೊರಿ. ಮೀನೆಲ್ಲಿ? ಮೀನು ತೋರಿಸಲಿ!"

ಸೂರ್ಯ ಗುಡ್ಡದ ನೆತ್ತಿಗೆ ತಾಗಿದ್ದ. ಕೆರೆಯ ಮೂಲೆಯಲ್ಲಿ ಜಂಬುಹುಲ್ಲು ದಟ್ಟವಾಗಿತ್ತು. ಅದರ ಅಂಚಿನಲ್ಲಿ ಗುಳುಂ ಎಂದು ಒಂದು ಗುಳ್ಳೆ ಒಡೆಯಿತು. ಎರ್ರಪ್ಪ ನೆರಳನ್ನು ನೀರಿಗೆ ಬೀಳಿಸದೆ ಕುಕ್ಕರುಗಾಲಲ್ಲಿ ಕೂತ. ಕಾಲು ಎದ್ದು ನಡೆಯಲು ಚಡಪಡಿಸಿತು. ಪಾದಗಳನ್ನು ಕುಂಡಿಯ ಕೆಳಗೆ ಅದುಮಿಕೊಂಡ. ಎಲೆ ಅಡಿಕೆ ದವಡೆಗಿಟ್ಟು ಕಪ್ಪೆಯನ್ನು ಹುಲ್ಲಿನ ಬಾಗಿಲಿಗೆ ಇಳಿಬಿಟ್ಟ.

ನೀರು ಸಿಡಿಯಿತು. ಹುರಿ ಬಿಗಿಯಿತು. ಅವನ ಮೈಯ ಪ್ರತಿ ನರವೂ ಓಡು ಎಂದಿತು. ಅವನು ಗಳ ಬಗ್ಗಿಸಿದ. ಹುರಿ ಹುಲ್ಲಿನೊಳಗೆ ಸರಸರ ಹೋಯಿತು, ನಿಂತಿತು. ಎಲೆ ಕಚ್ಚಿದ. ಬಾಯಿ ಒಣಗಿ ರಸವೇ ಬರಲಿಲ್ಲ! ಅಗಿದ, ಮತ್ತೆ ಅಗಿದ. ಏರಿಯ ಮೇಲೆ ಯಾರೋ "ಎಳಿಯೋ!" ಎಂದು ಚೀರಿದರು. ಕೊನೆಗೆ ಒಗರು ರಸ ಗಂಟಲಿಗೆ ಇಳಿಯಿತು. ಮಗ್ಗಲಿಗೆ ಸೆಳೆದ.

ಗಳ ಬಿಲ್ಲಾಯಿತು. ಹುಲ್ಲನ್ನು ಬೇರು ಸಮೇತ ಕಿತ್ತುಕೊಂಡು ತೋಳಿನಷ್ಟು ದಪ್ಪದ ಕೊರಮೀನು ದಂಡೆಗೆ ಬಿತ್ತು. ಬಿದ್ದ ಹೊಡೆತಕ್ಕೆ ಗಾಳ ಕಳಚಿತು. ಮೀನು ಹಾವಿನಂತೆ ಕೆಸರಲ್ಲಿ ನುಲಿಯುತ್ತ ನೀರಿನ ಕಡೆ ಹೊರಟೇಬಿಟ್ಟಿತು. ಎರ್ರಪ್ಪ ಗಳ ಬಿಸುಟು ಎದೆಯೊಡ್ಡಿ ಅದರ ಮೇಲೆ ಬಿದ್ದ. ಇಬ್ಬರೂ ಹೊರಳಿ ಮೊಣಕಾಲುದ್ದದ ನೀರಿಗೆ ಉರುಳಿದರು. ಎದ್ದಾಗ ಅವನ ಮುಖವೆಲ್ಲ ಕೆಸರು. ಬೆರಳುಗಳು ಮೀನಿನ ಕಿವಿರಿನೊಳಗಿದ್ದವು.

ಏರಿಯುದ್ದಕ್ಕೂ ಕೇಕೆ ಎದ್ದಿತು.

"ಲೆಕ್ಕಕ್ಕಿಲ್ಲ, ಲೆಕ್ಕಕ್ಕಿಲ್ಲ!" ತಿಪ್ಪೇರುದ್ರಪ್ಪ ಶಲ್ಯ ಬೀಸಿದ. "ಕೈಲೆ ಹಿಡಿದಾನ!"

ಇನ್‌ಸ್ಪೆಕ್ಟರು ಇಳಿದು ಬಂದು ಮೀನಿನ ಬಾಯಿ ತೆರೆಸಿ ನೋಡಿದರು. ದವಡೆಯಲ್ಲಿ ಗಾಳದ ಗಾಯ ರಕ್ತ ಸುರಿಸುತ್ತಿತ್ತು. "ಚಾಲು," ಎಂದರು ಗುತ್ತಿಗೆದಾರನಿಗೆ, ತೆಲುಗಿನಲ್ಲೇ. "ಸಾಕು ಮಾಡ್ರಿ. ನೀರಗಂಟಿ ಎರ್ರಪ್ಪನ ಹೆಸರಿಗೆ ಹಕ್ಕು ಉಳೀತು."

"ನನ್ನ ಒಬ್ಬನ ಹೆಸರಿಗೇ ಬ್ಯಾಡ್ರಿ," ಎಂದ ಎರ್ರಪ್ಪ ಏದುಸಿರು ಬಿಡುತ್ತ. "ಕಲಿಸಿದಾಕಿ ನಮ್ಮತ್ತಿ. ಆಕಿ ಹೆಸರೂ ಬರೀರಿ."

ಅದು ಹೇಗಾಗುತ್ತದೆ ಎಂದು ಕರಣಂ ಬಾಯಿ ತೆರೆದ. ಈರಕ್ಕ ಅವನನ್ನು ಮುಗಿಸಲು ಬಿಡಲಿಲ್ಲ. "ಬರಿಬ್ಯಾಡ್ರಿ ಸ್ವಾಮಿ. ಆದ್ರ ಹೂಳೆತ್ತೋರ ಪಟ್ಟ್ಯಾಗಿಂದ ಮೊದ್ಲು ನನ್ನ ಹೆಸರು ಹೊಡೆದು ಹಾಕ್ರಿ. ಇದ್ದರ ಎರಡ್ರಾಗೂ ಇರಬೇಕು, ಇಲ್ಲಾಂದ್ರ ಒಂದ್ರಾಗೂ ಇರಬಾರದು. ನಾ ಒಬ್ಬಾಕಿ ಅಲ್ರಿ, ಈ ಏರಿ ಮ್ಯಾಲ ನಿಂತ ಹೆಂಗಸರೆಲ್ಲಾರ ಮಾತಿದು. ಬರೋ ಬ್ಯಾಸಗಿಗೆ ಒಬ್ಬಾಕಿ ಬುಟ್ಟಿ ಮುಟ್ಟಿದ್ರ ಕೇಳ್ರಿ."

ಹೆಂಗಸರು ಹೌದ್ರಿ, ಹೌದ್ರಿ ಎಂದರು. ಇನ್‌ಸ್ಪೆಕ್ಟರು ಅವರನ್ನು ನೋಡಿದರು, ಕೆರೆಯ ತುಂಬಿದ ನೀರನ್ನು ನೋಡಿದರು, ಮುಂದಿನ ಬೇಸಿಗೆಯ ಹೂಳನ್ನೂ ಮನಸ್ಸಿನಲ್ಲಿ ನೋಡಿರಬೇಕು. ನ್ಯಾಯಕ್ಕಿಂತ ಆ ಹೂಳೇ ಹೆಚ್ಚು ಕೆಲಸ ಮಾಡಿತೇನೋ. ಕರಣಂಗೆ ಹೇಳಿದರು: "ಹೆಸರು ಬೇಡ. ಹೂಳೆತ್ತುವವರು ಯಾರೇ ಆಗಲಿ, ಗಂಡಾಗಲಿ ಹೆಣ್ಣಾಗಲಿ, ಗಾಳ ಹಾಕಬಹುದು ಅಂತ ಬರಿ."

ಜನ ಮೀನನ್ನು ಕೈಯಿಂದ ಕೈಗೆ ದಾಟಿಸುತ್ತ ಕೇರಿಯ ಕಡೆ ಇಳಿದರು. ಸಾರಿಗೆ ಹುಣಸೆ ಎಷ್ಟು ಬೇಕು ಎಂಬ ಜಗಳ ಆಗಲೇ ಶುರುವಾಗಿತ್ತು. ಎರ್ರಪ್ಪ ಮಾತ್ರ ದಂಡೆಯ ಕೆಸರಲ್ಲೇ ಕೂತಿದ್ದ. ಸುಮ್ಮನೆ ನಗು ಬರುತ್ತಿತ್ತು. ಪಾಲಮ್ಮ ಸೆರಗಿನಿಂದ ಅವನ ಮುಖದ ಕೆಸರು ಒರೆಸಿದಳು.

"ಏಳ್ರಿ, ಮನಿಗೆ ಹೋಗೂಣು. ಇವತ್ತಾದ್ರೂ ಹೊಟ್ಟಿ ತುಂಬ ಉಣ್ಣೀರಂತ."

"ತಡಿಯೇ," ಎಂದ ಅವನು. "ಇವತ್ತ ಕಾಲು ಸುಮ್ಮನ ಕುಂತಾವು, ಇನ್ನೊಂಚೂರು ಕುಂದರಲಿ."

ಅವಳೂ ಅವನ ಪಕ್ಕದಲ್ಲಿ ಕೆಸರಿಗೇ ಕೂತಳು.