ಐವತ್ತೆರಡನೇ ಪುಟದ ಟೀ ಕಪ್ಪು

ಆರ್ನಲ್ಡ್ ಹೆಪ್‌ವರ್ತ್ ಜನ್ಮದಲ್ಲಿ ಒಂದೂ ಕಾದಂಬರಿ ಓದಿದವನಲ್ಲ. ಉಣ್ಣೆ ಗಿರಣಿಯಲ್ಲಿ ಮೂವತ್ತು ವರ್ಷ ಮಗ್ಗ ರಿಪೇರಿ ಮಾಡಿದ, ಗಿರಣಿ ಮುಚ್ಚಿದ ಮೇಲೆ ಹದಿನಾಲ್ಕು ವರ್ಷ ಬಸ್ ಡಿಪೋದಲ್ಲಿ ದುಡಿದ. ಓದಿದ್ದೆಂದರೆ ಪೇಪರಿನ ಹಿಂದಿನ ಪುಟದ ಕ್ರಿಕೆಟ್ ಸ್ಕೋರು, ಅಷ್ಟೇ. ಅಂಥವನು ಎಪ್ಪತ್ತಾರನೇ ವಯಸ್ಸಿನಲ್ಲಿ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಥಾರ್ನ್‌ಬ್ಯಾಂಕ್ ಗ್ರಂಥಾಲಯದ ಬಾಗಿಲಲ್ಲಿ ಹಾಜರಾಗತೊಡಗಿದ್ದು ನೋಡಿ ಬೀದಿಯವರಿಗೆಲ್ಲ ಸೋಜಿಗ. ಸೋಜಿಗ ಪಡುವಂಥದ್ದೇನಿತ್ತು ಅದರಲ್ಲಿ? ಹೆಂಡತಿ ಮ್ಯೂರಿಯಲ್ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಮನೆ ಬಿಕೋ ಎನ್ನುತ್ತಿತ್ತು.

ಆ ಗ್ರಂಥಾಲಯ ಅವಳದು. ನಲವತ್ತೊಂಬತ್ತು ವರ್ಷದ ಸಂಸಾರದಲ್ಲಿ ಪ್ರತಿ ಗುರುವಾರ ಮಧ್ಯಾಹ್ನ ಕೈಚೀಲ ಹಿಡಿದು ದಿಣ್ಣೆ ಹತ್ತಿ ಹೋಗಿ ನಾಲ್ಕು ಪತ್ತೇದಾರಿ ಕಾದಂಬರಿ ಹೊತ್ತು ಬರುತ್ತಿದ್ದಳು. "ಈ ವಾರ ಯಾರನ್ನ ಕೊಂದ್ರಂತೆ?" ಎಂದು ಇವನು ಪೇಪರಿನಿಂದ ತಲೆ ಎತ್ತದೆ ಕೇಳುವುದು. "ನಿನ್ನಂಥ ಒಬ್ಬ ಗಂಡನ್ನ" ಎಂದು ಅವಳು ಟೀಗೆ ನೀರಿಡಲು ಹೋಗುವುದು. ಪುಸ್ತಕಗಳ ಬಗ್ಗೆ ಗಂಡ ಹೆಂಡತಿ ಮಾತಾಡಿದ್ದು ಅಷ್ಟೇ. ಅವಳು ಹೋದ ಮೇಲೆ ಬಟ್ಟೆಬರೆಯನ್ನೆಲ್ಲ ಮಗಳು ಮೂಟೆ ಕಟ್ಟಿ ದಾನಕ್ಕೆ ಕೊಟ್ಟಿದ್ದಳು. ಊರಿನಲ್ಲಿ ಅವಳದು ಅಂತ ಉಳಿದಿದ್ದು ಆ ಗ್ರಂಥಾಲಯದಲ್ಲಿ ಅವಳು ಕೂರುತ್ತಿದ್ದ ಕಿಟಕಿ ಪಕ್ಕದ ಕುರ್ಚಿಯೊಂದೇ ಎಂದು ಆರ್ನಲ್ಡನಿಗೆ ಅನಿಸಿಬಿಟ್ಟಿತ್ತು. ಅಲ್ಲಿ ಕೂತರೆ ಎದೆ ಸ್ವಲ್ಪ ಹಗುರ. ಆದರೆ ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಪೈಕಿ ಅಲ್ಲ ಬಿಡಿ ಅವನು.

ಮೇ ತಿಂಗಳಲ್ಲಿ ಗ್ರಂಥಪಾಲಕಿ ನಸ್ರೀನ್ ಆ ಸುದ್ದಿ ಹೇಳಿದಳು. ಅವಳಪ್ಪ ಅದೇ ಗಿರಣಿಯಲ್ಲಿ ಆರ್ನಲ್ಡನ ಜೊತೆ ದುಡಿದವನು, ಹಾಗಾಗಿ ಅವಳಿಗೆ ಇವನು ಅಂಕಲ್. ದೊಡ್ಡ ಕಚೇರಿಯ ಕಂಪ್ಯೂಟರ್ ಮುಂದಿನಿಂದ ಇಲ್ಲಿಗೆ ವರ್ಗವಾಗಿ ಬಂದು ಅವಳಿಗೆ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ.

"ದಕ್ಷಿಣದ ಕಡೆಯಿಂದ ಮೂರು ಜನ ಬರ್ತಾರಂತೆ ಅಂಕಲ್. ಈ ಕಡೆ ಊರುಗಳ ಗ್ರಂಥಾಲಯ ಎಲ್ಲ ಸುತ್ತಿ, ನೋಡಿ ಏನನ್ನಿಸ್ತು ಅಂತ ಬರೀತಾರಂತೆ. ಎರಡು ಮುಚ್ಚೋದಂತೂ ಗ್ಯಾರಂಟಿ. ಯಾವ್ಯಾವುದು ಅಂತ ಅವ್ರು ಬರೆದದ್ದು ನೋಡಿ ಟೌನ್‌ಹಾಲಿನವ್ರು ಹೇಳ್ತಾರೆ."

"ಪುಸ್ತಕ ಎಷ್ಟು ಹೋಯ್ತು, ಎಷ್ಟು ಬಂತು, ಅದೆಲ್ಲ ನಿನ್ನ ಪೆಟ್ಟಿಗೇಲಿ ಇಲ್ವೇನಮ್ಮಾ?"

"ಇದೆ. ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಕಣ್ಣಾರೆ ನೋಡಕ್ಕೆ ಬರ್ತಿರೋದು."

ಆರ್ನಲ್ಡ್ ಕಿಟಕಿ ಪಕ್ಕದ ಆ ಕುರ್ಚಿಯನ್ನು ನೋಡಿದ, ಎದ್ದು ನಿಂತ. "ಹಂಗಾದ್ರೆ ತೊಳೀಬೇಕು" ಎಂದ.

ನಮ್ಮ ಜನವೇ ಹಾಗೆ. ಮನೆಗೆ ಡಾಕ್ಟರ್ ಬರುತ್ತಾನೆಂದರೆ ಮೊದಲು ಬಾಗಿಲ ಮೆಟ್ಟಿಲು ತಿಕ್ಕಿ, ಆಮೇಲೆ ರೋಗಿಯ ಕಡೆ ತಿರುಗುವವರು. ಆರ್ನಲ್ಡನ ತಾಯಿ ಪ್ರತಿ ಶುಕ್ರವಾರ ಮಂಡಿಯೂರಿ ಮೆಟ್ಟಿಲನ್ನು ಕಲ್ಲು ಹಾಕಿ ಉಜ್ಜಿ ಬೆಳ್ಳಗೆ ಮಾಡುತ್ತಿದ್ದಳು. ಉಜ್ಜದ ಹೆಂಗಸು ಬೀದಿಯವರ ಬಾಯಿಗೆ ಬಿದ್ದಳೆಂದೇ ಲೆಕ್ಕ. ಬರುವವರು ಏನು ನೋಡಲು ಬರುತ್ತಾರೆ ಎಂದು ಯಾರೂ ಕೇಳುವುದಿಲ್ಲ. ಬರುತ್ತಾರಾ, ಹಾಗಾದರೆ ತೊಳಿ.

ಪೇಪರ್ ಓದಲು ಬರುವ ನಾಲ್ಕು ಗಂಡಸರು ಕಿಟಕಿ, ಬಾಗಿಲು, ಹಿತ್ತಾಳೆ ಹಿಡಿ ಹಂಚಿಕೊಂಡರು. ಆರ್ನಲ್ಡ್ ಪತ್ತೇದಾರಿ ಕಾದಂಬರಿಗಳ ಕಪಾಟು ತನಗೇ ಬೇಕೆಂದು ಕೇಳಿ ತೆಗೆದುಕೊಂಡ. ಅವಳು ಓದಿದ ಪುಸ್ತಕಗಳು, ತಾನೇ ಒರೆಸಬೇಕು ಎಂದು ಆಸೆ. ಒಳಗೆ ತೆರೆದು ನೋಡಿದರೆ, ಅಬ್ಬಬ್ಬಾ, ಎಲ್ಲಿ ನೋಡಿದರಲ್ಲಿ ಪೆನ್ಸಿಲ್ ಗೀಚು! ಒಂದರಲ್ಲಿ ಶಿಲುಬೆ, ಇನ್ನೊಂದರಲ್ಲಿ ಸೊನ್ನೆ, ಮತ್ತೊಂದರಲ್ಲಿ ಅಡ್ಡಗೆರೆ. ಹೋಗಿ ಎರಡು ದೊಡ್ಡ ರಬ್ಬರು ಕೊಂಡು ತಂದ. ಹಳೇ ಮಗ್ಗ ಬಿಚ್ಚಿ ಕೂಡಿಸಿದ ಕೈ, ಸುಮ್ಮನೆ ಬಿಡುತ್ತದೆಯೇ? ಪುಟ ಪುಟ ತಿರುವಿ, ಉಜ್ಜಿ, ಊದಿ, ಬೆಳಕಿಗೆ ಹಿಡಿದು ನೋಡಿ, ಗೀರಿನ ನೆರಳು ಕಂಡರೂ ಮತ್ತೆ ಉಜ್ಜುತ್ತಿದ್ದ. ಹದಿನೈದು ದಿನ ಅದೇ ಕೆಲಸ.

"ಯಾವನೋ ತಲೆಕೆಟ್ಟೋನು ಪುಸ್ತಕದ ತುಂಬ ಟೀ ಕಪ್ಪು ಬರ್ದಿದಾನೆ ಕಣಮ್ಮಾ!" ಎಂದು ಒಂದು ದಿನ ನಸ್ರೀನಳಿಗೆ ಕೂಗಿ ಹೇಳಿದ. "ಇವತ್ತಿಗೆ ಇನ್ನೂರ ಹನ್ನೊಂದು ಒರೆಸ್ದೆ. ಕೆಲವಕ್ಕೆ ಹಬೆ ಬೇರೆ ಬಿಟ್ಟಿದಾನೆ ನನ್ಮಗ."

ನಸ್ರೀನ್ ಫೋನಿನಲ್ಲಿದ್ದಳು, ನಕ್ಕು ಹೆಬ್ಬೆರಳು ಎತ್ತಿ ತೋರಿಸಿದಳು.

ಜೂನ್‌ನಲ್ಲಿ ಒಂದು ಬುಧವಾರ ಅವರು ಬಂದರು. ಇಬ್ಬರು ಗಂಡಸರು, ಬೂದು ಕೋಟು ತೊಟ್ಟ ಒಬ್ಬ ಹೆಂಗಸು. ಆಕೆಯೇ ಯಜಮಾನಿ ಎಂದು ನೋಡಿದರೆ ಗೊತ್ತಾಗುತ್ತಿತ್ತು. ಒಳ್ಳೆಯ ಹೆಂಗಸೇ, ಎಲ್ಲರನ್ನೂ ಮಾತಾಡಿಸಿ, ಕೊಟ್ಟ ಬಿಸ್ಕತ್ತು ತಿಂದು, ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತ ಹೋದಳು. ಆರ್ನಲ್ಡನ ಹತ್ತಿರ ಬಂದು, "ಈ ಗ್ರಂಥಾಲಯ ನಿಮಗೆ ಹೇಗನ್ನಿಸುತ್ತೆ, ಹೇಳ್ತೀರಾ?" ಎಂದಳು.

ಆರ್ನಲ್ಡ್ ಗಂಟಲು ಸರಿಮಾಡಿಕೊಂಡ. ಹೇಳುವುದು ಎಷ್ಟೋ ಇತ್ತು.

"ಪರವಾಗಿಲ್ಲ" ಎಂದ.

ನಮ್ಮ ಗಂಡಸರು ಚೊಚ್ಚಿಲ ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೂ ಹೇಳುವ ಮಾತು ಅದೇ. ಅದಕ್ಕಿಂತ ದೊಡ್ಡ ಹೊಗಳಿಕೆ ನಮ್ಮಲ್ಲಿಲ್ಲ. ಆಕೆ ತಲೆಯಾಡಿಸಿ ಬರೆದುಕೊಂಡಳು. ಆಮೇಲೆ ಅವನ ಕಪಾಟಿನಿಂದ ಒಂದು ಪುಸ್ತಕ ತೆಗೆದು ತಿರುವಿದಳು, ಇನ್ನೊಂದು ತೆಗೆದಳು, ಮತ್ತೊಂದು. "ಎಷ್ಟು ಚೊಕ್ಕಟವಾಗಿವೆ! ಹೊಸದರ ಹಾಗೇ ಇವೆಯಲ್ಲ" ಎಂದು ಜೊತೆಯವರಿಗೆ ತೋರಿಸಿದಳು. ಆರ್ನಲ್ಡ್ ಉಬ್ಬಿಹೋದ. ಮ್ಯೂರಿಯಲ್ ನೋಡಬೇಕಿತ್ತು ಇದನ್ನ, ಅಂದುಕೊಂಡ.

ಅವರು ಆ ಕಡೆ ಮಕ್ಕಳ ಪುಸ್ತಕ ನೋಡುತ್ತಿದ್ದಾಗ ಊರುಗೋಲು ಕುಟ್ಟುತ್ತ ಬೆರಿಲ್ ಕ್ರಾಬ್‌ಟ್ರೀ ಬಂದಳು. ಮ್ಯೂರಿಯಲ್‌ಗೆ ಶಾಲೆಯಿಂದ ಗೆಳತಿ. ಸೊಂಟದ ಆಪರೇಷನ್ ಆಗಿ ಎರಡು ತಿಂಗಳು ಮಗಳ ಮನೆಯಲ್ಲಿದ್ದು ಹಿಂದಿನ ದಿನವಷ್ಟೇ ಮರಳಿದ್ದಳು. ನೇರ ಕಪಾಟಿಗೆ ಹೋಗಿ ಒಂದು ಪುಸ್ತಕ ತೆರೆದಳು, ಮುಚ್ಚಿದಳು. ಇನ್ನೊಂದು ತೆರೆದಳು.

"ಎಲ್ಲಿ ಹೋದ್ವು?"

"ಏನು ಎಲ್ಲಿ ಹೋದ್ವು?"

"ಗುರುತು ಕಣಯ್ಯಾ! ನನ್ನ ಶಿಲುಬೆ ಎಲ್ಲಿ?"

"ಓ, ಆ ಗೀಚಾ? ನಾನೇ ಒರೆಸಿದ್ದು" ಎಂದ ಆರ್ನಲ್ಡ್, ಹೆಮ್ಮೆಯಿಂದ. "ಒಂದೇ ಒಂದು ಬಿಟ್ಟಿಲ್ಲ, ಬೇಕಾದ್ರೆ ಹುಡುಕು."

"ಅಯ್ಯೋ ನಿನ್ ಮನೆ ಹಾಳಾಗ! ಯಾವ್ದು ಓದಿದೀನಿ, ಯಾವ್ದು ಓದಿಲ್ಲ ಅಂತ ಇನ್ನು ನಂಗೆ ಹೆಂಗೆ ಗೊತ್ತಾಗ್ಬೇಕು? ಎಲ್ಲದ್ರಲ್ಲೂ ಒಬ್ಬ ಸತ್ತಿರ್ತಾನೆ, ಒಬ್ಬ ಪೊಲೀಸ್ನೋನು ಕುಡ್ದು ಬಿದ್ದಿರ್ತಾನೆ! ಅದಕ್ಕೇ ಒಬ್ಬೊಬ್ರು ಒಂದೊಂದು ಗುರುತು ಇಟ್ಕೊಂಡಿದ್ವಿ. ಹದಿನೇಳನೇ ಪುಟದಲ್ಲಿ ನನ್ನ ಶಿಲುಬೆ. ಕೊನೇ ಪುಟದಲ್ಲಿ ಎಡ್ನಾಳ ಸೊನ್ನೆ. ನಿಮ್ಮ ಮ್ಯೂರಿಯಲ್..."

ಬೆರಿಲ್ ಥಟ್ಟನೆ ಬಾಯಿ ಮುಚ್ಚಿಕೊಂಡಳು.

"ಹೇಳು" ಎಂದ ಆರ್ನಲ್ಡ್.

"ಬಿಡು ಮಾರಾಯಾ. ಕೂತ್ಕೋ ನೀನು."

"ಹೇಳೇ ಬೆರಿಲ್."

"ಐವತ್ತೆರಡನೇ ಪುಟ. ನಿಮ್ಮ ಮನೆ ನಂಬರು. ಕೆಳಗಡೆ ಮೂಲೇಲಿ ಟೀ ಕಪ್ಪು ಬರೀತಿದ್ಳು. ಪುಸ್ತಕ ಚೆನ್ನಾಗಿದ್ರೆ ಮೇಲೆ ಹಬೆ. ನಾವೆಲ್ಲ ಅವಳ ಹಬೆ ನೋಡ್ಕೊಂಡೇ ತಗೊಂಡ್ಹೋಗ್ತಿದ್ವಿ ಕಣೋ." ಅವಳ ದನಿ ತಗ್ಗಿತು. "ನಿಂಗೆ ಗೊತ್ತೇ ಇರ್ಲಿಲ್ವಾ?"

ಆರ್ನಲ್ಡ್ ಕಪಾಟಿನಿಂದ ಒಂದು ಪುಸ್ತಕ ಎಳೆದು ಐವತ್ತೆರಡನೇ ಪುಟ ತೆಗೆದ. ಬಿಳಿ. ಇನ್ನೊಂದು. ಅದೂ ಬಿಳಿ. ಕಿಟಕಿಗೆ ಒಯ್ದು ಓರೆಯಾಗಿ ಹಿಡಿದ, ಪೆನ್ಸಿಲ್ ಒತ್ತಿದ ಗೆರೆಯಾದರೂ ಉಳಿದಿರಬಹುದೆಂದು ಬೆರಳಾಡಿಸಿದ. ಏನೂ ಇರಲಿಲ್ಲ. ಬೇರೆಯವರಾಗಿದ್ದರೆ ಅಷ್ಟಿಷ್ಟು ಬಿಡುತ್ತಿದ್ದರೇನೋ, ಇವನು ಬಿಟ್ಟಿರಲಿಲ್ಲ. ಗುರುವಾರದ ಪುಸ್ತಕಗಳಲ್ಲಿದ್ದ ಇನ್ನೂರಕ್ಕೂ ಮೀರಿದ ಟೀ ಕಪ್ಪು, ಅವನು ಪಕ್ಕದಲ್ಲೇ ಪೇಪರ್ ಹಿಡಿದು ಕೂತಿದ್ದಾಗ ಅವಳು ಬರೆದದ್ದು, ಒಂದೊಂದನ್ನೂ ಬೈಯುತ್ತ, ಸಿಳ್ಳೆ ಹಾಕುತ್ತ ತಾನೇ ಅಳಿಸಿ, ಪುಡಿಯನ್ನು ಊದಿ ಹಾರಿಸಿಬಿಟ್ಟಿದ್ದ. ಅವಳನ್ನು ಮಣ್ಣು ಮಾಡಿದ ದಿನವೂ ಅವನಿಗೆ ಇಷ್ಟು ಸಂಕಟವಾಗಿರಲಿಲ್ಲ. ಬೂದು ಕೋಟಿನ ಹೆಂಗಸು ಹೊರಡುವಾಗ ಕೈ ಚಾಚಿದ್ದು ಅವನಿಗೆ ಕಾಣಿಸಲೇ ಇಲ್ಲ.

ಆಗಸ್ಟ್‌ನಲ್ಲಿ ವರದಿ ಬಂತು. ನಸ್ರೀನ್ ಮೊದಲು ಒಬ್ಬಳೇ ಓದಿದಳು, ಆಮೇಲೆ ಆರ್ನಲ್ಡನನ್ನೂ ಬೆರಿಲ್‌ಳನ್ನೂ ಕೂರಿಸಿಕೊಂಡು ಓದಿದಳು. "ಕಟ್ಟಡ ಸ್ವಚ್ಛವಾಗಿದೆ. ಪುಸ್ತಕಗಳು ಹೊಸದರಂತಿವೆ, ಓದುಗರ ಕೈ ತಾಗಿದ ಕುರುಹು ಬಹಳ ಕಡಿಮೆ. ದಿನವೂ ಬರುವವರಲ್ಲೂ ವಿಶೇಷ ಒಲವು ಕಾಣಲಿಲ್ಲ. ಒಬ್ಬ ಹಿರಿಯರು 'ಪರವಾಗಿಲ್ಲ' ಎಂದಷ್ಟೇ ಹೇಳಿದರು." ಅಕ್ಟೋಬರ್ ಕೊನೆಗೆ ಮುಚ್ಚುವುದು. ಆಕ್ಷೇಪಣೆ ಇದ್ದವರು ಟೌನ್‌ಹಾಲಿಗೆ ಬಂದು ಹೇಳಬಹುದು.

"ಒರೆಸೋಕೆ ಒಪ್ಪಿದ್ದು ನಾನು ಅಂಕಲ್" ಎಂದು ನಸ್ರೀನ್ ಅತ್ತಳು. "ಕೈ ತಾಗಿಲ್ವಂತೆ! ಕಣ್ಣಿಗೇನು ಬಂದಿತ್ತು ಅವ್ರಿಗೆ?" ಎಂದು ಬೆರಿಲ್ ಬೈದಳು.

ಆಕ್ಷೇಪಣೆಯ ದಿನ ಆರ್ನಲ್ಡ್ ಹೆಂಡತಿಯ ಮಣ್ಣಿಗೆ ಹಾಕಿಕೊಂಡಿದ್ದ ಸೂಟನ್ನೇ ಹಾಕಿಕೊಂಡು ಹೋದ. ಮೇಜಿನ ಹಿಂದೆ ಮೆತ್ತಗಿನ ದನಿಯ ಒಬ್ಬ ಹುಡುಗಿ ಕೂತಿದ್ದಳು. ಆರ್ನಲ್ಡ್ ಜೀವಮಾನದಲ್ಲಿ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದಿಲ್ಲ.

"ಆ ಪುಸ್ತಕ ಓದಿದಾರೆ ಕಣಮ್ಮಾ. ಒಂದೊಂದನ್ನೂ ಓದಿದಾರೆ. ಗುರುತಿತ್ತು, ನಾನೇ ಅಳಿಸಿದ್ದು. ನೀವು ಮೆಚ್ಚಲಿ ಅಂತ ಅಳಿಸ್ದೆ. ತಪ್ಪು ನಂದು, ಗ್ರಂಥಾಲಯದ್ದಲ್ಲ. ನನ್ನ ತಪ್ಪಿಗೆ ಅದನ್ನ ಮುಚ್ಬೇಡಿ."

ಹುಡುಗಿ ಪೂರಾ ಕೇಳಿಸಿಕೊಂಡಳು. "ನೀವು ಎಷ್ಟು ವರ್ಷದಿಂದ ಅಲ್ಲಿ ಓದ್ತಿದೀರಾ, ಸರ್?"

"ಫೆಬ್ರವರಿಯಿಂದ ಹೋಗ್ತಿದೀನಿ. ಓದೋದು... ಓದಲ್ಲ. ನನ್ನ ಹೆಂಡ್ತಿ ಓದ್ತಿದ್ದದ್ದು. ನಲವತ್ತೊಂಬತ್ತು ವರ್ಷ."

"ಹೌದಾ? ಹಾಗಾದ್ರೆ ಅವ್ರ ಅಭಿಪ್ರಾಯ ತುಂಬಾ ಮುಖ್ಯ ಆಗುತ್ತೆ ಸರ್. ಅಷ್ಟು ವರ್ಷ ಓದಿದವ್ರು ಹೇಳಿದ್ರೆ ಮೇಲಿನವ್ರು ಖಂಡಿತ ನೋಡ್ತಾರೆ." ಒಂದು ಫಾರಂ ಅವನ ಕೈಗೆ ಕೊಟ್ಟಳು. "ಅವ್ರ ಕೈಲೇ ಬರೆಸ್ಕೊಂಡು ಬನ್ನಿ. ನಾಲ್ಕು ಸಾಲು ಸಾಕು."

ಮ್ಯೂರಿಯಲ್ ಈಗಿಲ್ಲ ಎಂದು ಹೇಳಲು ಅವನಿಗೆ ಬಾಯಿ ಬರಲಿಲ್ಲ. ಫಾರಂ ಹಿಡಿದು ಮೂಲೆಯ ಬೆಂಚಿನ ಮೇಲೆ ಕೂತ. ಹೆಸರು ಎಂದಿದ್ದ ಕಡೆ ಮ್ಯೂರಿಯಲ್ ಹೆಪ್‌ವರ್ತ್ ಎಂದು ಬರೆದ. ವಿಳಾಸ ಬರೆದ. ಅದರ ಕೆಳಗೆ ದೊಡ್ಡ ಚೌಕ, ಮೇಲೊಂದು ಪ್ರಶ್ನೆ: ಈ ಗ್ರಂಥಾಲಯ ನಿಮಗೆ ಏನು ಕೊಟ್ಟಿದೆ?

ಆರ್ನಲ್ಡ್ ಪೆನ್ನು ಊರಿದ. ಯೋಚಿಸಿದ. ಸರದಿಯಲ್ಲಿದ್ದವರೆಲ್ಲ ಮಾತಾಡಿ ಮುಗಿಸಿ ಹೋದರು, ಹುಡುಗಿ ಮೇಜಿನ ಮೇಲಿನ ಕಾಗದ ಜೋಡಿಸಿಕೊಂಡು ಇವನ ಕಡೆ ನೋಡಿದಳು. ಚೌಕ ಇನ್ನೂ ಖಾಲಿ ಇತ್ತು. ನಲವತ್ತೊಂಬತ್ತು ವರ್ಷದಲ್ಲಿ ಒಂದು ಗುರುವಾರವೂ ಅವನು ಅವಳನ್ನು ಅದೊಂದು ಕೇಳಿರಲಿಲ್ಲ.