ಥರ್ಮಾಕೋಲಿನ ಸುರಪುರ

ಯಾದಗಿರಿಯ ಸ್ಟೇಷನ್ ರಸ್ತೆಯಲ್ಲಿ ಮರಿಲಿಂಗಪ್ಪನದು ಹಲ್ಲಿನ ಸೆಟ್ ತಯಾರಿಸುವ ಲ್ಯಾಬ್. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ. ಅವನು ಪ್ಲಾಸ್ಟರ್ ಹುಯ್ದು, ಮೇಣದಲ್ಲಿ ವಸಡು ತಿದ್ದಿ, ಹಲ್ಲು ಕೂರಿಸಿ ವಾಪಸ್ ಕಳಿಸುತ್ತಾನೆ. ಸುತ್ತಲಿನ ತಾಲ್ಲೂಕುಗಳ ಎಷ್ಟೋ ಹಿರಿಯರು ಕಟಕು ರೊಟ್ಟಿ ಮುರಿಯುವುದು ಅವನು ಕಟ್ಟಿದ ಹಲ್ಲಿನಿಂದಲೇ. ಹೆಮ್ಮೆಪಡಲು ಇಷ್ಟು ಸಾಕಿತ್ತು. ಆದರೆ ಮರಿಲಿಂಗಪ್ಪ ಹೆಮ್ಮೆಪಡುತ್ತಿದ್ದುದು ಲ್ಯಾಬಿನ ಹಿಂದಿನ ಕೋಣೆಯ ಬಗ್ಗೆ. ಅಲ್ಲಿ ಆರಡಿ ಉದ್ದ, ನಾಲ್ಕಡಿ ಅಗಲದ ಪ್ಲೈವುಡ್ ಹಲಗೆಯ ಮೇಲೆ 1858ರ ಫೆಬ್ರುವರಿ ನಡೆಯುತ್ತಿತ್ತು. ಐದು ವರ್ಷಗಳಿಂದ ಅದೇ ಫೆಬ್ರುವರಿ.

ಅದೊಂದು ಆಟ. ಹೆಬ್ಬೆರಳಿನ ಅರ್ಧದಷ್ಟು ಎತ್ತರದ ಪ್ಲಾಸ್ಟಿಕ್ ಸಿಪಾಯಿಗಳು, ಅವರು ಓಡಾಡಲು ಗುಡ್ಡ, ಬಂಡೆ, ಮರ. ಟೇಪ್ ಹಿಡಿದು ಅಳತೆ ಮಾಡಿ ಅವರನ್ನು ಮುಂದೆ ಸರಿಸಬೇಕು, ದಾಳ ಎಸೆದು ಯಾರು ಸತ್ತರು ಎಂದು ತೀರ್ಮಾನಿಸಬೇಕು. ಸುರಪುರದ ಮೇಲೆ ಇಂಗ್ಲಿಷರ ಸೈನ್ಯ ಏರಿ ಬಂದ ದಿನವನ್ನು ಹೀಗೆ ಆಡಬಹುದು ಎಂದು ಹೊಳೆದಾಗ ಅವನಿಗೆ ನಲವತ್ಮೂರು ವರ್ಷ. ಆ ವಯಸ್ಸಿನಲ್ಲಿ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ತನಗೆ ಇದು ಬಂತು ಎಂದು ಅವನೇ ಹೇಳಿಕೊಳ್ಳುತ್ತಿದ್ದ.

ಕೆಲಸದಲ್ಲಿ ಮಾತ್ರ ಅವನು ಮಹಾ ಕರಾರುವಾಕ್ಕು. ಉಪಗ್ರಹದ ನಕ್ಷೆ ನೋಡಿ ಥರ್ಮಾಕೋಲನ್ನು ಪದರ ಪದರವಾಗಿ ಕತ್ತರಿಸಿ ಗುಡ್ಡ ಎಬ್ಬಿಸಿದ್ದ. ಮೇಲೆ ಹಲ್ಲಿನ ಪ್ಲಾಸ್ಟರ್ ಬಳಿದಿದ್ದ. ನೆಲಕ್ಕೆ ಒಣಗಿಸಿದ ಚಹಾದ ಚರಟ, ಮರಗಳಿಗೆ ತೊಗರಿ ಕಟ್ಟಿಗೆಯ ತುದಿ. ಸಿಪಾಯಿಗಳ ಕೋಟಿಗೆ ಕಿಟಕಿಯ ಗ್ರಿಲ್ಲಿಗೆ ಹಚ್ಚುವ ರೆಡ್ ಆಕ್ಸೈಡ್. ಮುಖಗಳಿಗೆಲ್ಲ ವಸಡಿನ ಗುಲಾಬಿ ಬಣ್ಣ ಹಚ್ಚಿ ಮುಗಿಸಿದ ಮೇಲೆ, ಆ ಸೈನ್ಯದಲ್ಲಿ ಅಧಿಕಾರಿಗಳನ್ನು ಬಿಟ್ಟರೆ ಬಹುಪಾಲು ಈ ಕಡೆಯವರೇ ಇದ್ದರೆಂದು ಎಲ್ಲೋ ಓದಿದ. ಒಂದು ಇಡೀ ಬೇಸಿಗೆ ಅಷ್ಟೂ ಮುಖಗಳನ್ನು ಮತ್ತೆ ಕಂದು ಮಾಡಿದ. ಸುರಪುರದ ಕಡೆಯವರಿಗೆಂದು ಬೊಂಬೆ ಯಾರೂ ತಯಾರಿಸುವುದಿಲ್ಲವಾದ್ದರಿಂದ ಪಠಾಣರ ಬೊಂಬೆ ತರಿಸಿ, ಹಲ್ಲು ಕೊರೆಯುವ ಮಷೀನಿನಿಂದ ಅವರ ಗಡ್ಡ ಬೋಳಿಸಿದ. ಒಂದು ಆಸೆಯನ್ನು ಮಾತ್ರ ಅವನಿಂದ ತಡೆಯಲಾಗಲಿಲ್ಲ. ಎರಡೂ ಪಕ್ಷದ ಪ್ರತಿಯೊಬ್ಬ ಸೈನಿಕನ ಬಾಯಿ ತುಸು ತೆರೆದಿತ್ತು, ಒಳಗೆ ಬಿಳಿಯ ಹಲ್ಲುಗಳಿದ್ದವು. ಭೂತಗನ್ನಡಿ ಹಿಡಿದರೆ ಮೇಲಿನ ಸಾಲು, ಕೆಳಗಿನ ಸಾಲು ಬೇರೆ ಬೇರೆ ಕಾಣುತ್ತಿದ್ದವು. ಭೂತಗನ್ನಡಿ ಇಲ್ಲದಿದ್ದರೆ ಎಲ್ಲರೂ ಹಲ್ಲು ಕಿಸಿದು ನಗುತ್ತಿರುವಂತೆ ಕಾಣುತ್ತಿತ್ತು.

ಅವನ ಎದುರಾಳಿ ಎನ್ನಬೇಕಾದವನು, ಆದರೆ ಎದುರು ಕೂರದವನು, ಶಹಾಪುರದಲ್ಲಿ ಬಣ್ಣದಂಗಡಿ ಇಟ್ಟಿದ್ದ ನಸೀರುದ್ದೀನ. ಆಟದ ನಿಯಮಗಳನ್ನು ಇಂಟರ್ನೆಟ್ಟಿನಿಂದ ಪ್ರಿಂಟ್ ತೆಗೆಸಿ ತಂದವನು ಅವನೇ. ಆ ನಿಯಮದ ಪ್ರಕಾರ ‘ನೇಟಿವ್’ ಪಡೆಗೆ ಆಟಗಾರ ಬೇಕಿಲ್ಲ, ದಾಳವೇ ಅವರನ್ನು ನಡೆಸುತ್ತದೆ. ಆರು ಬಿದ್ದರೆ ಅವರು ಗುಡ್ಡ ಬಿಟ್ಟಿಳಿದು ಓಡಿಬರಬೇಕು. ಹೀಗಾಗಿ ಗೆಳೆಯರಿಬ್ಬರೂ ಪ್ರತಿ ಭಾನುವಾರ ಇಂಗ್ಲಿಷರ ಬದಿಯಲ್ಲೇ ಅಕ್ಕಪಕ್ಕ ಕೂತು, ಒಬ್ಬ ಎಡಗಡೆಯ ಪಡೆಗೆ, ಇನ್ನೊಬ್ಬ ಬಲಗಡೆಯ ಪಡೆಗೆ ಸಾಹೇಬನಾಗಿ ಸುರಪುರದ ಮೇಲೆ ಏರಿ ಹೋಗುತ್ತಿದ್ದರು. ಮೇಜಿನ ಆಚೆ ಬದಿ ಗೋಡೆಗೆ ಹತ್ತಿಕೊಂಡಿತ್ತು. ಅಲ್ಲಿ ಕುರ್ಚಿ ಇರಲಿಲ್ಲ. ಕಾಣದ ಬದಿಗೆ ಬಣ್ಣ ಯಾಕೆ ಎಂದು ಮರಿಲಿಂಗಪ್ಪ ಗುಡ್ಡದ ಬೆನ್ನಿಗೆ ಪ್ಲಾಸ್ಟರನ್ನೂ ಬಳಿದಿರಲಿಲ್ಲ.

ಹೆಂಡತಿ ಮಲ್ಲೇಶ್ವರಿಗೆ ಆ ಕೋಣೆ ಬೇಕಿತ್ತು. ಅವಳದು ಹೊಲಿಗೆ. ಎರಡು ಮಷೀನು ಮಲಗುವ ಕೋಣೆಯಲ್ಲಿ ಇಕ್ಕಟ್ಟಾಗಿ ನಿಂತಿದ್ದವು. ಬ್ಲೌಸ್ ಹೊಲಿಯುವುದನ್ನು ಕಲಿಯಲು ಬರುವ ಹುಡುಗಿಯರು ಮಂಚದ ಮೇಲೆ ಕೂರಬೇಕಾಗಿತ್ತು.

“ಐದ್ ವರ್ಷದಿಂದ ಸುರಪುರ ಕಟ್ಟಾಕತ್ತೀರಿ,” ಎಂದಳು ಒಂದು ದಿನ ಬಾಗಿಲಲ್ಲಿ ನಿಂತು. “ನಾ ಅದೇ ಊರಾಗ ಹುಟ್ಟಿದಾಕಿ. ನನಗಂತೂ ಇದು ಸುರಪುರ ಅನಿಸಿಲ್ಲ.”

“ನೀ ಸರಿ ನೋಡಿಲ್ಲ.”

“ಒಳಗ ಬಂದ್ರ ಸೆರಗು ಬಡದು ಸಿಪಾಯಿ ಬೀಳ್ತಾನ ಅಂತೀರಿ. ಬಾಗಲ್ದಾಗ ನಿಂತು ಎಷ್ಟು ಕಾಣಸ್ತದೋ ಅಷ್ಟು ನೋಡೀನಿ.”

“ಉಪಗ್ರಹದ ನಕ್ಷಿ ನೋಡಿ ಮಾಡೀನಿ. ಒಂದ್ ಬಂಡಿಗಲ್ಲು ಆಚಿ-ಈಚಿ ಇಲ್ಲ.”

“ಹಂಗಾರ ಒಂದು ಮಾತು. ಇದನ್ನ ನಮ್ಮ ಅಮರಪ್ಪನ ಮನಿಗಿ ಒಯ್ರಿ. ನೀವು ಬಾಯಿ ಬಿಡಬಾರ್ದು. ಸುರಪುರದ ಒಬ್ಬರಾದ್ರೂ ನೋಡಿ, ಇದು ನಮ್ಮೂರು ಅಂದ್ರ ರೂಮ್ ನಿಮ್ದು, ಮತ್ತ ನಾ ಕೇಳಂಗಿಲ್ಲ. ಯಾರೂ ಅನ್ನಲಿಲ್ಲಂದ್ರ ನನ್ನ ಮಷೀನ್ ಒಳಗ ಬರ್ತಾವ, ನಿಮ್ಮ ಗುಡ್ಡ ಹೊರಗ ಹೋಗ್ತದ.”

ಮರಿಲಿಂಗಪ್ಪ ತಕ್ಷಣ ಒಪ್ಪಿದ. ಗೆದ್ದೇಬಿಟ್ಟೆ ಎಂಬ ಖಾತ್ರಿಯಲ್ಲಿ ಅವಳ ಮೇಲೆ ಕೊಂಚ ಕನಿಕರವೂ ಮೂಡಿತು. ಆ ಕನಿಕರವನ್ನು ನೆನೆದಾಗ ಆಮೇಲೆ ಎಷ್ಟೋ ದಿನ ಅವನ ಕಿವಿ ಬಿಸಿಯಾಗುತ್ತಿತ್ತು.

ನಸೀರುದ್ದೀನ ತನ್ನ ಅಂಗಡಿಯ ಗೂಡ್ಸ್ ಗಾಡಿ ತಂದ. “ಮರಿಲಿಂಗಣ್ಣ, ಶರ್ತಕ್ಕ ಹೂಂ ಅಂದ್ಬಿಟ್ರೇನು?”

“ಅಂದೀನಿ.”

“ಭಾಭಿ ಶರ್ತ ಹಾಕ್ಯಾರಂದ್ರ ಸೋಚ್ ಮಾಡೇ ಹಾಕಿರ್ತಾರ. ನನಗ ಹೆದರಿಕಿ ಬರಾಕತ್ತದ.”

ಭೀಮಾ ನದಿಯ ಸೇತುವೆ ದಾಟುವ ತನಕ ಎಲ್ಲ ಸುಸೂತ್ರ. ದೋರನಹಳ್ಳಿಯ ರಸ್ತೆ ಹಂಪಿನಲ್ಲಿ ಗಾಡಿ ಕುಪ್ಪಳಿಸಿದಾಗ ಕುದುರೆಯ ಮೇಲಿದ್ದ ಕ್ಯಾಪ್ಟನ್ನನ ತಲೆ ಹಾರಿಹೋಯಿತು. ಮರಿಲಿಂಗಪ್ಪ ಗಾಡಿ ನಿಲ್ಲಿಸಿ, ಚಹಾದ ಚರಟದಲ್ಲಿ ಬೆರಳಾಡಿಸಿ ತಲೆ ಹುಡುಕಿ, ಜೇಬಿನಲ್ಲಿದ್ದ ಮೇಣ ಹಚ್ಚಿ ಕೂರಿಸಿದ. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಕುರಿಗಾರನೊಬ್ಬ ಏನೂ ಕೇಳಲಿಲ್ಲ. ಕೇಳಿದ್ದರೆ ವಿವರಿಸಲು ಮರಿಲಿಂಗಪ್ಪ ಸಿದ್ಧನಿದ್ದ. ಕೇಳದೆ ಇದ್ದದ್ದೇ ಅವನಿಗೆ ಚುಚ್ಚಿತು.

ಸುರಪುರದಲ್ಲಿ ಮಲ್ಲೇಶ್ವರಿಯ ತಮ್ಮ ಅಮರಪ್ಪನ ಮನೆಯ ಅಂಗಳದಲ್ಲಿ ಎರಡು ಬೆಂಚು ಜೋಡಿಸಿ ಹಲಗೆ ಇಟ್ಟರು. ಅಭ್ಯಾಸಬಲದಿಂದ ನಸೀರುದ್ದೀನ ಅದರ ಬೆನ್ನನ್ನು ಗೋಡೆಗೇ ತಾಗಿಸಿದ. ಮಲ್ಲೇಶ್ವರಿ ಕಟ್ಟೆಯ ಮೇಲೆ ಕೂತಳು. “ಇದು ಯಾವೂರು ಹೇಳ್ರಿ,” ಎಂದಷ್ಟೇ ಎಲ್ಲರಿಗೂ ಹೇಳಿದಳು.

ಮೊದಲು ಬಂದವಳು ಅವಳ ತಾಯಿ ಶೇಖಮ್ಮ. ಅವಳು ಗುಡ್ಡ ನೋಡಲಿಲ್ಲ. ಸಿಪಾಯಿಯೊಬ್ಬನನ್ನು ಎತ್ತಿ ಕಣ್ಣಿನ ಹತ್ತಿರ ಹಿಡಿದಳು.

“ಅಳಿಯಾರ, ಇವನ ಬಾಯಾಗ ನನ್ನ ಹಲ್ಲು ಅದಾವಲ್ರಿ.”

ಅದು ನಿಜವೇ. ಅತ್ತೆಯ ಸೆಟ್ಟು ಕಟ್ಟಿದವನೂ ಅವನೇ, ಕೈಗೆ ಕೂತಿದ್ದ ಮಾದರಿಯೂ ಅದೇ. ಇಂಗ್ಲಿಷರ ಇಡೀ ಸೈನ್ಯ ಶೇಖಮ್ಮನ ನಗು ನಗುತ್ತ ಸುರಪುರದ ಮೇಲೆ ಬಂದಿತ್ತು.

“ಹಲ್ಲು ಬಿಡವ್ವ, ಊರು ಯಾವ್ದು ಹೇಳು,” ಎಂದಳು ಮಲ್ಲೇಶ್ವರಿ.

“ಊರೆಲ್ಲದ ಇದ್ರಾಗ? ಬರೇ ಕಲ್ಲದ.”

ಅಮರಪ್ಪ ಕೈಕಟ್ಟಿ ನಿಂತು ಬಹಳ ಹೊತ್ತು ನೋಡಿದ. “ಹಂಪಿ ಏನು ಮಾಮಾ?”

ಮಾಮನ ಬಾಯಿಗೆ ಬೀಗ. ತಲೆಯನ್ನೂ ಅಲ್ಲಾಡಿಸುವಂತಿರಲಿಲ್ಲ.

“ಹಂಪಿ ಅಲ್ಲಂದ್ರ ಅಫ್ಘಾನಿಸ್ತಾನ ಇರಬೇಕು. ಗುಡ್ಡದ ಮ್ಯಾಲ ಕುಂತವ್ರು ಪಠಾಣರಿದ್ದಂಗ ಅದಾರ. ಪಾಪ, ಗಡ್ಡ ಯಾರೋ ಕೆರದಾರ.”

ನಸೀರುದ್ದೀನ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜ ಅಲುಗುತ್ತಿತ್ತು.

ಕೊನೆಯ ಆಸೆ ಪಕ್ಕದ ಮನೆಯ ಭಗವಂತರಾಯ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದವನು, ಈ ಸೀಮೆಯ ರಸ್ತೆ-ತಿರುವೆಲ್ಲ ಬಲ್ಲವನು. ಬಗ್ಗಿ ನೋಡಿದ, ಕೂತು ನೋಡಿದ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದ. ಮರಿಲಿಂಗಪ್ಪನ ಕೈ ತನ್ನಷ್ಟಕ್ಕೆ ತಾನೇ ಮೇಲೆದ್ದು ಗುಡ್ಡದ ಮೇಲಿದ್ದ ಅರಸನ ಬಾವುಟವನ್ನು ತಿದ್ದುವ ನೆಪದಲ್ಲಿ ಅಲ್ಲಾಡಿಸಿತು.

“ಕೈ ತಗೀರಿ,” ಎಂದಳು ಮಲ್ಲೇಶ್ವರಿ.

“ಶಹಾಪುರ ಅನ್ನೋಣಂದ್ರ ಮಲಗಿದ ಬುದ್ಧನಂಥ ಗುಡ್ಡ ಇಲ್ಲ,” ಎಂದ ಭಗವಂತರಾಯ ನಿಧಾನವಾಗಿ. “ಯಾದಗಿರಿ ಕಿಲ್ಲಾ ಅಂತೀನಿ ನಾ. ನೀವು ಅಲ್ಲೇ ಇರ್ತೀರಿ, ಅದನ್ನೇ ಮಾಡಿರ್ತೀರಿ.”

ಮುಗಿಯಿತು. ಯಾರೂ ನಗಲಿಲ್ಲ, ಅದು ಇನ್ನೂ ಕಷ್ಟ. ಶೇಖಮ್ಮ ಅಳಿಯನಿಗೆ ಎರಡನೇ ಸಲ ಚಹಾ ತಂದಳು. ಸೋತವರಿಗೆ, ಜ್ವರ ಬಂದವರಿಗೆ ಮಾತ್ರ ಆ ಮನೆಯಲ್ಲಿ ಕೇಳದೆ ಎರಡನೇ ಚಹಾ ಸಿಗುತ್ತಿತ್ತು. ಮರಿಲಿಂಗಪ್ಪ ಸಿಪಾಯಿಗಳನ್ನು ಒಬ್ಬೊಬ್ಬರನ್ನಾಗಿ ಹತ್ತಿಯಲ್ಲಿ ಸುತ್ತಿ ಡಬ್ಬಿಗೆ ಹಾಕತೊಡಗಿದ. ಗುಡ್ಡವನ್ನು ಎಲ್ಲಿಡುವುದು? ಅಟ್ಟದ ಬಾಗಿಲು ಎರಡಡಿ. ಕತ್ತರಿಸಿದರೆ ಹೋದೀತು. ಐದು ವರ್ಷ ಅಳೆದದ್ದನ್ನು ಕತ್ತರಿಸಲೂ ಅಳತೆ ಬೇಕಲ್ಲ ಎಂದು ಅವನು ಟೇಪಿಗಾಗಿ ಜೇಬು ಮುಟ್ಟಿಕೊಂಡ.

ಅಮರಪ್ಪನೂ ನಸೀರುದ್ದೀನನೂ ಎರಡು ತುದಿ ಹಿಡಿದು ಹಲಗೆಯನ್ನು ಗೋಡೆಯಿಂದ ಈಚೆಗೆ ಎಳೆದರು. ದಾರಿಯ ಹಂಪಿನ ಏಟಿಗೆ ಅಂಟು ಬಿಟ್ಟಿದ್ದ ಗುಡ್ಡದ ಬುಡ ಹಿಂದಕ್ಕೆ ಜಾರಿತು.

“ತಡ್ರಿ, ಬೀಳ್ತದ,” ಎಂದು ಮಲ್ಲೇಶ್ವರಿ ಎದ್ದು ಗೋಡೆಯ ಸಂದಿಯಲ್ಲಿ ನುಗ್ಗಿದಳು. ಎರಡೂ ಕೈಯಲ್ಲಿ ಗುಡ್ಡವನ್ನು ಆನಿಸಿ ಹಿಡಿದಳು. ಬಗ್ಗಿದ್ದರಿಂದ ಕಣ್ಣು ಹಲಗೆಯ ಮಟ್ಟಕ್ಕೆ ಬಂತು.

ಆ ಬದಿಯಲ್ಲಿ ಬಣ್ಣವಿರಲಿಲ್ಲ, ಬರೀ ಬಿಳಿ ಥರ್ಮಾಕೋಲು. ಎರಡು ಗುಡ್ಡಗಳ ನಡುವಿನ ಸಂದಿನಿಂದ ಗಂಡನ ಹೊಟ್ಟೆಯ ಮೇಲಿನ ಅಂಗಿಯ ಗುಂಡಿ ಕಾಣುತ್ತಿತ್ತು.

“ಹಲಗಿ ಇಳಸ್ರಿ,” ಎಂದಳು.

“ಯಾಕಕ್ಕಾ?”

ಅವಳು ಎದ್ದೇಳಲಿಲ್ಲ. ಕತ್ತನ್ನು ಸ್ವಲ್ಪ ಎಡಕ್ಕೆ ಸರಿಸಿದಳು, ಮತ್ತೆ ಬಲಕ್ಕೆ.

“ಅಮರ್ಯಾ, ಅಪ್ಪ ಲಿಂಗಸುಗೂರಿಗೆ ಹೋದಾಗ ನಾವು ಮಾಳಗಿ ಮ್ಯಾಲ ನಿಂತು ಬಸ್ಸಿನ ಲೈಟ್ ನೋಡ್ತಿದ್ವಿ. ಈ ಸಂದ್ಯಾಗ ಮೊದಲು ಒಂದು ಕಾಣ್ತಿತ್ತು, ಆಮ್ಯಾಲ ಎರಡು.” ಬಿಳಿ ಗುಡ್ಡದ ತುದಿಯ ಮೇಲೆ ಬೆರಳಿಟ್ಟಳು. “ಇಲ್ಲಿ ಡೊಣ್ಣಿ ಬಂಡಿ ಅನ್ನೋ ಕಲ್ಲು. ಇಲ್ಲಿ ಆಡು ಹತ್ತಿ ಇಳೀಲಾರ್ದ ಒದರ್ತಿದ್ವು.”

ಅಮರಪ್ಪ ಹಲಗೆ ಇಳಿಸಿ ಅಕ್ಕನ ಪಕ್ಕ ಬಗ್ಗಿದ. ಭಗವಂತರಾಯ ಅವನ ಹಿಂದೆ ತೂರಿದ. ಶೇಖಮ್ಮನಿಗೆ ಜಾಗ ಸಿಗಲಿಲ್ಲ.

“ಲಿಂಗಸುಗೂರು ರೋಡು,” ಎಂದ ಭಗವಂತರಾಯ. “ಇಲ್ಲಿ ನಮ್ಮ ಡ್ರೈವರ್ ಗೇರ್ ಬದಲಿ ಮಾಡ್ತಿದ್ದ.”

ಮರಿಲಿಂಗಪ್ಪ ಡಬ್ಬಿ ಹಿಡಿದುಕೊಂಡೇ ನಿಂತಿದ್ದ. ಅವನಿಗೆ ತಿಳಿಯತೊಡಗಿತು. ಆ ಯುದ್ಧದ ಬಗ್ಗೆ ಅವನು ಓದಿದ ವರದಿಗಳೆಲ್ಲ ಊರಿನ ಹೊರಗೆ ಡೇರೆ ಹಾಕಿದ ಇಂಗ್ಲಿಷರು ಬರೆದವು. ಅವರು ಕಂಡ ಬದಿಗೆ ಅವನು ಒಂದೊಂದು ಬಂಡೆಗೂ ಮೂರು ಬಗೆಯ ಬಣ್ಣ ಹಚ್ಚಿದ್ದ. ಸುರಪುರದವರಿಗೆ ಊರು ಕಾಣುವುದು ಒಳಗಿನಿಂದ. ಆ ಬದಿಯನ್ನು ಅವನು ಗೋಡೆಗೆ ತಿರುಗಿಸಿ ಇಟ್ಟಿದ್ದ. ಮದುವೆಯಾಗಿ ಇಪ್ಪತ್ತು ವರ್ಷ ಈ ಮನೆಗೆ ಬಂದು ಹೋಗಿದ್ದರೂ ಒಮ್ಮೆಯೂ ಮಾಳಿಗೆ ಹತ್ತಿರಲಿಲ್ಲ. ಉಪಗ್ರಹದಿಂದ ನೋಡಿದ್ದ.

“ಇದು ಸುರಪುರ,” ಎಂದಳು ಮಲ್ಲೇಶ್ವರಿ ನೆಟ್ಟಗೆ ನಿಂತು.

ಅಂಗಳದಲ್ಲಿ ಎಲ್ಲರೂ ಅವಳ ಮುಖ ನೋಡಿದರು.

“ಅಕ್ಕಾ,” ಎಂದ ಅಮರಪ್ಪ ಮೆಲ್ಲಗೆ, “ಸುಮ್ನಿದ್ದಿದ್ರ ರೂಮ್ ನಿನ್ದಾಗ್ತಿತ್ತು.”

“ಕಂಡದ್ದು ಕಂಡಿಲ್ಲ ಅನ್ಲೇನು? ಸುರಪುರದ ಒಬ್ಬರಾದ್ರೂ ಅಂದೀನಿ. ನಾನೂ ಸುರಪುರದಾಕೇ.” ಸೆರಗಿನಿಂದ ಕೈಯ ಥರ್ಮಾಕೋಲಿನ ಪುಡಿ ಒರೆಸಿಕೊಂಡು ಗಂಡನ ಕಡೆ ತಿರುಗಿದಳು. “ರೂಮ್ ನಿಮ್ದು.”

ಗೆದ್ದವನಂತೆ ನಿಲ್ಲಲು ಮರಿಲಿಂಗಪ್ಪ ಪ್ರಯತ್ನಿಸಿದ. ಸರಿಯಾಗಲಿಲ್ಲ. ವಾಪಸ್ ಬರುವಾಗ ದೋರನಹಳ್ಳಿಯ ಹಂಪಿನಲ್ಲಿ ಹಲಗೆಯ ಮೇಲೇ ಉಳಿದಿದ್ದ ಕ್ಯಾಪ್ಟನ್ನನ ತಲೆ ಮತ್ತೆ ಹಾರಿಹೋಯಿತು. ಈ ಸಲ ಅವನು ಗಾಡಿ ನಿಲ್ಲಿಸಲಿಲ್ಲ.

ಮರುದಿನ ಮೇಜನ್ನು ಗೋಡೆಯಿಂದ ಈಚೆಗೆ ಎಳೆದ. ಬೆನ್ನಿನ ಬದಿಗೆ ಪ್ಲಾಸ್ಟರ್ ಬಳಿಯಬೇಕೆಂದರೆ ಕೂರಲು ಜಾಗ ಬೇಕು. ಎಳೆದಾಗ ಗೋಡೆಗೂ ಮೇಜಿಗೂ ನಡುವೆ ಬಿದ್ದ ಜಾಗವನ್ನು ಬಾಗಿಲಲ್ಲಿ ನಿಂತಿದ್ದ ಮಲ್ಲೇಶ್ವರಿ ನೋಡಿದಳು, ಅವನೂ ನೋಡಿದ. ಭಾನುವಾರದ ಹೊತ್ತಿಗೆ ಎರಡು ಹೊಲಿಗೆ ಮಷೀನು ಸುರಪುರದ ಹಿಂದೆ ಬಂದು ಕೂತಿದ್ದವು.

ಹೀಗೆ ಮೊದಲ ಸಲ ಆ ಬದಿಗೆ ಆಟಗಾರರೊಬ್ಬರು ಬಂದರು. ಮಲ್ಲೇಶ್ವರಿ ಮಷೀನಿನ ಮುಂದೆ ಕೂತು ಬ್ಲೌಸಿಗೆ ತೋಳು ಜೋಡಿಸುತ್ತಿದ್ದಳು. ಈಚೆ ಬದಿಯಲ್ಲಿ ಇಬ್ಬರು ಸಾಹೇಬರು ಪಡೆ ಹೂಡಿದರು. ನಸೀರುದ್ದೀನ ದಾಳ ಎಸೆದ.

“ಆರು ಬಿತ್ತು ಭಾಭಿ. ನಿಮ್ಮ ಮಂದಿ ಇಳಿದು ಬರಬೇಕು.”

“ಯಾಕ?”

“ರೂಲ್ ಅದ.”

“ಮ್ಯಾಲ ಬಂಡಿಗಲ್ಲಿನ ನೆರಳಾಗ ತಣ್ಣಗ ಕುಂತಾರ. ಕೆಳಗ ಬಂದೂಕು ಹಿಡಕೊಂಡು ನೀವು ನಿಂತೀರಿ. ಯಾವ ಶಾಣ್ಯಾ ಇಳೀತಾನ?”

ನಸೀರುದ್ದೀನ ಮರಿಲಿಂಗಪ್ಪನ ಕಡೆ ನೋಡಿದ. ಮರಿಲಿಂಗಪ್ಪ ನಿಯಮದ ಹಾಳೆಗಳನ್ನು ಮೊದಲಿಂದ ಕೊನೆಯವರೆಗೆ ತಿರುವಿದ. ಇಳಿಯಬೇಕು ಎಂದಿತ್ತು. ಯಾಕೆಂದು ಎಲ್ಲೂ ಬರೆದಿರಲಿಲ್ಲ. ಬೇರೆ ಪುಟದಲ್ಲಿ, ಬಿಸಿಲಲ್ಲಿ ನಿಂತ ಪಡೆಗೆ ನೀರು ಸಿಗದಿದ್ದರೆ ಪ್ರತಿ ಸುತ್ತಿಗೂ ಒಬ್ಬ ಸಿಪಾಯಿಯನ್ನು ತೆಗೆದಿಡಬೇಕು ಎಂದಿತ್ತು. ಆ ನಿಯಮವನ್ನು ಅವರು ಐದು ವರ್ಷದಲ್ಲಿ ಒಮ್ಮೆಯೂ ಬಳಸಿರಲಿಲ್ಲ. ಬಳಸುವಷ್ಟು ಹೊತ್ತು ಆಟ ನಡೆದಿರಲೇ ಇಲ್ಲ.

“ಅವರು ಇಳಿಯಂಗಿಲ್ಲೇನು?” ಎಂದು ಕೇಳಿದ ಮರಿಲಿಂಗಪ್ಪ.

“ಈ ಬ್ಲೌಸ್ ಮುಗೀಲಿ, ನೋಡೋಣು.”

ಅವನು ತನ್ನ ಪಡೆಯ ಮೊದಲ ಸಿಪಾಯಿಯನ್ನು ಎತ್ತಿ ಡಬ್ಬಿಗೆ ಹಾಕಿದ. ಗುಡ್ಡದ ಆಚೆ ಮಷೀನು ಮತ್ತೆ ಓಡತೊಡಗಿತು. ಅದರ ಅದುರುವಿಕೆಗೆ ಹಲಗೆ ಸಣ್ಣಗೆ ನಡುಗಿ, ಉಳಿದವರೆಲ್ಲ ಶೇಖಮ್ಮನ ಹಲ್ಲು ಬಿಟ್ಟುಕೊಂಡು ಬಿಸಿಲಲ್ಲಿ ನಿಂತೇ ಇದ್ದರು.